ಮಳೆಯಿಲ್ಲದ ನಕ್ಷತ್ರ

ನಮ್ಮ ಮನೆಯಲ್ಲಿ ಜೂನ್, ಜುಲೈ ಎಂಬ ಹೆಸರುಗಳು ಅಪ್ಪನ ಕಾರ್ಖಾನೆಗೂ ನನ್ನ ಶಾಲೆಗೂ ಮಾತ್ರ ಸೇರಿದ್ದವು. ಹೊಸ್ತಿಲು ದಾಟಿ ಒಳಗೆ ಬಂದರೆ ಕಾಲವನ್ನು ಮಳೆ ನಕ್ಷತ್ರದ ಹೆಸರಿನಿಂದಲೇ ಕರೆಯಬೇಕಿತ್ತು. ನಾನು ಜಗುಲಿಯಿಂದ ಬಿದ್ದು ಕೈ ಮುರಿದುಕೊಂಡದ್ದು ಮಘೆಯಲ್ಲಿ, ಬಾವಿಗೆ ಹೊಸ ರಾಟೆ ಬಂದದ್ದು ಸ್ವಾತಿಯಲ್ಲಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಎರಡು ವಾರ ನಿಲ್ಲುತ್ತಾನೆ, ಆ ಎರಡು ವಾರ ಬೀಳುವ ಮಳೆಗೆ ಆ ನಕ್ಷತ್ರದ್ದೇ ಹೆಸರು. ಸೂರ್ಯ ನಕ್ಷತ್ರ ಬದಲಾಯಿಸಿದ ದಿನ ಅಪ್ಪ ಊಟಕ್ಕೆ ಕೂತು, ಕೈಯಲ್ಲಿ ನೀರು ಹಿಡಿಯುವ ಮೊದಲು ಅದನ್ನು ಹೇಳುತ್ತಿದ್ದರು. ಮನೆಗೆ ಬಂದ ನೆಂಟರ ಹೆಸರು ಹೇಳುವ ಹಾಗೆ. ರಾಜಾನುಕುಂಟೆಯ ಆ ಮನೆ ದೊಡ್ಡಬಳ್ಳಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ರಾಗಿ ಹೊಲಗಳ ಅಂಚಿನಲ್ಲಿತ್ತು. ಮುಂದೆ ಜಗುಲಿ, ನಡುವೆ ಹಜಾರ, ಅದರ ಮಗ್ಗುಲಿಗೆ ದೇವರ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಹಿತ್ತಲು. ಅಲ್ಲಿ ಬಾವಿ, ಬಚ್ಚಲು, ಒಂದು ಬೇವಿನ ಮರ, ಒಂದು ಹೊಂಗೆ ಮರ. ಜಗುಲಿಯ ಪಕ್ಕಕ್ಕೆ ಬೀದಿಗೆ ಬಾಗಿಲಿದ್ದ ಒಂಟಿ ಕೋಣೆಯೊಂದಿತ್ತು. ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು.

ಅಪ್ಪ ಹಗಲು ಯಲಹಂಕದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಪಂಚೆ ಉಟ್ಟು ಜಗುಲಿಯ ಮೇಲೆ ಕೂತರೆ ಜೋಯಿಸರು. ಹೆಣ್ಣು ಗಂಡಿನ ಜಾತಕ ತರುವವರು, ಮನೆ ಪಾಯಕ್ಕೆ ದಿನ ಕೇಳುವವರು, ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಯಿತೆಂದು ಕೇಳುವವರು ಎಲ್ಲರೂ ಬರುತ್ತಿದ್ದರು. ಬೇಸಿಗೆ ಮುಗಿಯುತ್ತ ಬಂದಂತೆ ಬೇಸಾಯದವರು ಹೆಚ್ಚು. ಅವರಲ್ಲಿ ಹಿಂದಿನ ಹೊಲದ ಮುನಿಯಪ್ಪನ ಮುಖ ನನಗೆ ಚೆನ್ನಾಗಿ ನೆನಪಿದೆ. ಅವನು ಜಗುಲಿ ಹತ್ತುತ್ತಿರಲಿಲ್ಲ, ಕೆಳಗೇ ಕುಕ್ಕರುಗಾಲಲ್ಲಿ ಕೂರುತ್ತಿದ್ದ.

"ಆರಿದ್ರೆ ಎಂಗೈತೆ ಸ್ವಾಮಿ ಈ ಸಲ? ರಾಗಿ ಆಕ್ಬೋದಾ?"

"ಶುರುವಿನಲ್ಲಿ ಬೇಡ. ನಾಲ್ಕು ದಿನ ಕಳೀಲಿ, ಆಮೇಲೆ ಹಾಕು."

"ನೀವು ಏಳಿದ್ ಮೇಲೆ ಆಯ್ತು ಬುಡಿ."

ಅಪ್ಪ ಪಂಚಾಂಗವನ್ನಷ್ಟೇ ನೋಡಿ ಹೇಳುವವರಲ್ಲ. ರಜದ ದಿನ ಬೆಳಿಗ್ಗೆ ನನ್ನನ್ನು ಹಿತ್ತಲಿಗೂ, ಹೊಲದ ಬದುವಿಗೂ, ಊರಾಚೆಯ ಕುಂಟೆಗೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಅಶ್ವಿನಿಯಲ್ಲಿ ಬೇವಿನ ಮರದ ಕೆಳಗೆ ಹೂವು ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಬಿದ್ದಿರುತ್ತಿತ್ತು. ಹೊಂಗೆ ಹಳೆಯ ಎಲೆಯೆಲ್ಲ ಕಳಚಿಕೊಂಡು, ಎಣ್ಣೆ ಹಚ್ಚಿದಂತೆ ಮಿನುಗುವ ಹೊಸ ಎಲೆ ಹೊದ್ದಿರುತ್ತಿತ್ತು. ಭರಣಿಯ ಮೊದಲ ಗುಡುಗಿನ ಮರುದಿನ ನೆಲದ ಬಿರುಕುಗಳಿಂದ ರೆಕ್ಕೆಯ ಗೆದ್ದಲು ಹೊಗೆಯ ಹಾಗೆ ಏಳುತ್ತಿದ್ದವು. ಮೃಗಶಿರಾ ಬಂತೆಂದರೆ ಶಾಲೆಯ ದಾರಿಯುದ್ದಕ್ಕೂ ನೇರಳೆಯ ಕಲೆ. ಆಶ್ಲೇಷಾದಲ್ಲಿ ಕುಂಟೆಯ ದಡದ ಜಾಲಿಯಲ್ಲಿ ಗೀಜಗನ ಗೂಡುಗಳು, ಸ್ವಾತಿಯಲ್ಲಿ ತೆನೆ ಬಾಗಿದ ರಾಗಿ. ಅಪ್ಪ ಬೇವಿನ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದು ಕೇಳುತ್ತಿದ್ದರು:

"ಈ ಮರಕ್ಕೆ ಕ್ಯಾಲೆಂಡರ್ ಓದೋಕೆ ಬರತ್ತಾ? ಇಲ್ಲ. ಅಶ್ವಿನಿ ಬಂತು, ಹೂ ಬಿಡು ಅಂತ ಯಾರು ಹೇಳಿದ್ದು ಇದಕ್ಕೆ? ಮೇಲಿಂದ ಹೇಳಿದ್ದು. ಮರಕ್ಕೆ ತಟ್ಟಿದ್ದು ಮನುಷ್ಯನ ಮೈಗೆ ತಟ್ಟಲ್ವಾ?"

ಕಣ್ಣೆದುರಿಗೇ ಹೂವಿತ್ತು. ಅಷ್ಟು ಚೆಂದದ ವಾದವನ್ನು ನಾನು ಆಮೇಲೆ ಯಾರ ಬಾಯಲ್ಲೂ ಕೇಳಿಲ್ಲ. ನಮ್ಮ ಪದ್ಮತ್ತೆಯ ಬಾಳು ಹಾಳಾದದ್ದು ಅದೇ ವಾದದಿಂದ.

ಪದ್ಮತ್ತೆ ಅಪ್ಪನ ಒಬ್ಬಳೇ ತಂಗಿ. ಅವಳು ಹುಟ್ಟಿದಾಗ ಚಂದ್ರ ಮೂಲಾ ನಕ್ಷತ್ರದಲ್ಲಿದ್ದನಂತೆ. ಆ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣು ತಂದೆಗೆ ಆಗದು, ಮದುವೆಯಾದರೆ ಮಾವನಿಗೆ ಆಗದು ಎಂಬುದು ನಮ್ಮವರ ನಂಬಿಕೆ. ಅವಳಿನ್ನೂ ತೊಟ್ಟಿಲಲ್ಲಿದ್ದಾಗ ನನ್ನ ತಾತ ಜ್ವರ ಬಂದು ತೀರಿಕೊಂಡರು. ಆಗ ಅಪ್ಪ ಇನ್ನೂ ಶಾಲೆಗೆ ಹೋಗುವ ಹುಡುಗ. ಸಾವಿನ ಮನೆಗೆ ಬಂದ ಹಿರಿಯರು ತೊಟ್ಟಿಲ ಕಡೆ ನೋಡಿ ಏನೇನು ಆಡಿಕೊಂಡರೋ, ಅದನ್ನೆಲ್ಲ ಅಪ್ಪ ಕೇಳಿಸಿಕೊಂಡಿದ್ದರು. ದೊಡ್ಡವರಾದ ಮೇಲೆ ದೊಡ್ಡಬಳ್ಳಾಪುರದ ಒಬ್ಬ ಮುದಿ ಜೋಯಿಸರ ಬಳಿ ಸಂಜೆ ಸಂಜೆ ಹೋಗಿ ಶಾಸ್ತ್ರ ಕಲಿತರು. ತನ್ನ ತಂದೆ ಯಾಕೆ ಸತ್ತರು ಎಂದು ತಿಳಿಯಲಿಕ್ಕೇ ಅವರು ಅದನ್ನು ಕಲಿತದ್ದು ಎಂದು ಅಮ್ಮ ನನಗೆ ಒಮ್ಮೆ ಹೇಳಿದ್ದಳು. ಅವರಿಗೆ ಸಿಕ್ಕ ಉತ್ತರ ಅವರ ತಂಗಿ. ಹಾಗೆಂದು ಅವರು ಅವಳನ್ನು ಒಂದು ದಿನವೂ ಗದರಿದವರಲ್ಲ. ಯಲಹಂಕ ಸಂತೆಯಿಂದ ಸಂಪಿಗೆ ತಂದರೆ ಮೊದಲು ಅವಳಿಗೆ, ಹಬ್ಬದ ಸೀರೆಯನ್ನು ಆರಿಸುವುದೂ ಮೊದಲು ಅವಳೇ. ಪ್ರೀತಿಗೆ ಕೊರತೆಯಿರಲಿಲ್ಲ. ಅನುಮಾನಕ್ಕೆ ಜಾಗವಿರಲಿಲ್ಲ, ಅಷ್ಟೇ.

ಆ ಮನೆಯಲ್ಲಿ ನಕ್ಷತ್ರಗಳನ್ನು ನೋಡಿ ನಗುತ್ತಿದ್ದವಳು ಪದ್ಮತ್ತೆಯೊಬ್ಬಳೇ. ಅಪ್ಪ ಊಟಕ್ಕೆ ಕೂತು, "ಇವತ್ತಿಂದ ಆಶ್ಲೇಷಾ," ಎಂದರೆ ಸಾರಿನ ಸೌಟು ಹಿಡಿದವಳು ಅಲ್ಲಿಂದಲೇ ಹೇಳುತ್ತಿದ್ದಳು:

"ಬಟ್ಟೆ ಇನ್ನೂ ಒಣಗಿಲ್ಲ ಅಣ್ಣ. ಮಧ್ಯಾಹ್ನದ ಮೇಲೆ ಬರಕ್ಕೆ ಹೇಳು."

ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅಪ್ಪ ತಲೆ ಬಗ್ಗಿಸಿಕೊಂಡು ಅನ್ನ ಕಲೆಸುತ್ತಿದ್ದರು. ರಾತ್ರಿ ಅವಳ ಪಕ್ಕದಲ್ಲೇ ನನ್ನ ಹಾಸಿಗೆ. ಅತ್ತೆ, ನಿನ್ನ ನಕ್ಷತ್ರದ್ದು ಯಾವ ಮಳೆ ಎಂದು ನಾನು ಕೇಳಿದ್ದೆ. "ನಂದಕ್ಕೆ ಮಳೆ ಇಲ್ಲ ಕಣೇ. ಬರೀ ಮಂಜು," ಎಂದಿದ್ದಳು. ಅದು ನಿಜ. ಸೂರ್ಯ ಮೂಲಾ ನಕ್ಷತ್ರಕ್ಕೆ ಬರುವುದು ಧನುರ್ಮಾಸದ ಮೊದಲಿಗೆ. ಆಗ ನಮ್ಮ ಕಡೆ ಮಳೆಯ ಕಾಲ ಮುಗಿದಿರುತ್ತದೆ. ಕೊಯ್ದ ರಾಗಿ ಹೊಲದಲ್ಲಿ ಮೆದೆಯಾಗಿರುತ್ತದೆ, ಅವರೆಯ ಸೊಗಡು ಊರೆಲ್ಲ ಹಬ್ಬಿರುತ್ತದೆ, ಬಿಸಿಲು ಏರುವ ತನಕ ಎದುರಿನ ಅಂಗಡಿಯೂ ಕಾಣುವುದಿಲ್ಲ.

ಒಂದು ಮೃಗಶಿರೆಯಲ್ಲಿ ಜಗುಲಿಯ ಪಕ್ಕದ ಕೋಣೆಗೆ ಗುರುರಾಜ ಎಂಬುವರು ಬಾಡಿಗೆಗೆ ಬಂದರು. ಧಾರವಾಡದವರು, ಯಲಹಂಕದ ಕಾಲೇಜೊಂದರಲ್ಲಿ ಮೇಷ್ಟ್ರು. ಒಂದು ಟ್ರಂಕು, ಒಂದು ಸ್ಟೌವು ಅವರ ಸಂಸಾರ. ಸ್ಟೌವಿನ ಮೇಲೆ ಅವರು ಮಾಡಿಕೊಳ್ಳುತ್ತಿದ್ದ ಅನ್ನ ಒಂದು ದಿನ ಹಸಿ, ಒಂದು ದಿನ ಸೀದದ್ದು. ನೋಡಲಾರದೆ ಅಮ್ಮ ನನ್ನ ಕೈಯಲ್ಲಿ ಹುಳಿ, ಪಲ್ಯ ಕಳಿಸತೊಡಗಿದಳು. ಬಟ್ಟಲು ವಾಪಸು ಕೊಡಲು ಅವರು ಹಿತ್ತಲಿನ ಕಡೆಯಿಂದ ಬರುತ್ತಿದ್ದರು. ಬಾವಿಕಟ್ಟೆಯ ಬಳಿ ಪದ್ಮತ್ತೆ ಇರುತ್ತಿದ್ದಳು. ಶೇಂಗಾ ಹಿಂಡಿ, ಅಂದರೆ ಅವರ ಕಡೆಯ ಕಡಲೆಕಾಯಿ ಚಟ್ನಿಪುಡಿ, ಕುಟ್ಟುವುದನ್ನು ಅವರು ಹೇಳಿಕೊಟ್ಟರು, ಅವಳು ಕುಟ್ಟಿ, "ಇದೇನು ಇಷ್ಟು ಖಾರ, ನಿಮ್ಮೂರಲ್ಲಿ ನಾಲಿಗೆ ಇಟ್ಕೊಂಡು ಹುಟ್ಟಲ್ವಾ?" ಎಂದಳು. ಅವರು ನಕ್ಕಿದ್ದು ಜಗುಲಿಯವರೆಗೂ ಕೇಳಿಸಿತು. ಹಸ್ತಾ, ಚಿತ್ತಾ ಮಳೆಗಳು ಆ ವರ್ಷ ಹದವಾಗಿ ಬಂದವು. ಅತ್ತೆ ತಲೆಗೆ ಹೂವಿಲ್ಲದೆ ಹಿತ್ತಲಿಗೆ ಹೋಗುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಗುರುರಾಜರು ಅಮ್ಮನ ಬಳಿ ಮಾತೆತ್ತಿದರು. ಅಮ್ಮ ಅಪ್ಪನ ಬಳಿ ಎತ್ತಿದಳು. ಜಾತಿ, ಗೋತ್ರ, ಉದ್ಯೋಗ ಎಲ್ಲ ಕೂಡಿಬಂದಿತ್ತು. ಧಾರವಾಡದ ಹಿರಿಯರು ಕೇಳಿದ್ದು ಒಂದೇ, ಜಾತಕ.

ಅವತ್ತು ಊಟದ ಹೊತ್ತಿನಲ್ಲಿ ನಡೆದ ಜಗಳ ನನಗೆ ಮಾತು ಮಾತೂ ನೆನಪಿದೆ. ಅತ್ತೆ ಬಡಿಸಿ ಒಳಗೆ ಹೋಗಿದ್ದಳು. ಅಮ್ಮ ಎಲೆಯ ಮುಂದೆ ನಿಂತಿದ್ದಳು.

"ಏನೂಂದ್ರೆ, ಅವಳು ಹುಟ್ಟಿದಾಗ ಮನೇಲಿ ಗಡಿಯಾರಾನೇ ಇರ್ಲಿಲ್ವಂತೆ. ಸೂಲಗಿತ್ತಿ ಬಾಯಲ್ಲಿ ಹೇಳಿದ ಹೊತ್ತು ಅದು. ಸ್ವಲ್ಪ ಆಚೆ ಈಚೆ ಮಾಡಿದ್ರೆ ಮೂಲಾ ಕಳೆದು ಪೂರ್ವಾಷಾಢ ಆಗತ್ತೆ. ಬರೆದುಬಿಡಿ."

"ಸುಳ್ಳು ಜಾತಕ ಬರೆಯೋಕಾ ನಾನು ಕಲ್ತಿದ್ದು?"

"ಊರಲ್ಲಿ ಬರೆಯೋರು ಇಲ್ವಾ?"

"ಅವರ ಮನೇಲೂ ಒಬ್ಬ ತಂದೆ ಇದಾರೆ ಕಣೇ. ನಾಳೆ ಅವರಿಗೆ ಏನಾದ್ರೂ ಆದ್ರೆ? ತಂದೆ ಹೋದ ಮನೆ ಹೆಂಗಿರತ್ತೆ ಅಂತ ನಂಗೊತ್ತು."

ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆದರು. ನಿಜವಾದ ಜಾತಕ ಧಾರವಾಡಕ್ಕೆ ಹೋಯಿತು, ಬೇಡವೆಂಬ ಮಾತು ತಿರುಗಿ ಬಂತು. ಆದರೆ ಗುರುರಾಜರು ಬಿಡುವವರಾಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಜಗುಲಿಗೆ ಬಂದು ಅಪ್ಪನೆದುರು ಕೂತರು.

"ನಂಗ ಇದರಾಗ ನಂಬಿಕಿ ಇಲ್ರೀ. ನೀವು ಹೂಂ ಅಂದ್ರ ರಿಜಿಸ್ಟರ್ ಮದುವಿ ಮಾಡ್ಕೋತೀನಿ. ನಮ್ಮ ಅಪ್ಪ ಅವ್ವ ಒಂದಿನ ಸಿಟ್ಟ ಮಾಡ್ತಾರ, ಆಮ್ಯಾಲ ಬರ್ತಾರ."

ಅಪ್ಪ ಪಂಚಾಂಗ ತೆರೆದು ಪುಟ ತಿರುವಿದರು. ಆಮೇಲೆ, "ಧನುರ್ಮಾಸ ಬರ್ತಿದೆ. ಸಂಕ್ರಾಂತಿ ಕಳೀಲಿ, ಹೇಳ್ತೀನಿ," ಎಂದರು. ಅವರು ಇಲ್ಲ ಎನ್ನಲಿಲ್ಲ ಎಂಬುದೇ ನಮಗೆಲ್ಲ ದೊಡ್ಡದಾಗಿತ್ತು. ಅಮ್ಮ ಆ ವಾರ ಹಳೆಯ ಟ್ರಂಕು ತೆಗೆದು ತನ್ನ ರೇಷ್ಮೆ ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಅತ್ತೆ ಅದರಲ್ಲೊಂದನ್ನು ಹೆಗಲ ಮೇಲೆ ಹರಡಿಕೊಂಡು ಬಾವಿಯ ನೀರಿನಲ್ಲಿ ನೋಡಿಕೊಂಡದ್ದನ್ನು ನಾನು ಕಂಡೆ.

ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ, ಹುಗ್ಗಿಯ ನೈವೇದ್ಯ. ಪೂಜೆ ಮುಗಿಸಿ ಅಪ್ಪ ತಾರಸಿಗೆ ಹೋಗುತ್ತಿದ್ದರು. ಆ ದಿನಗಳ ಮೋಡ, ಮಂಜು, ಗಾಳಿಯ ದಿಕ್ಕು ನೋಡಿ ಮುಂದಿನ ವರ್ಷದ ಮಳೆ ಹೇಳುವುದು ಅವರ ರೂಢಿ. ಆ ಮಾಸದ ಮೊದಲ ವಾರ ಒಂದು ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಗೇಟಿನ ಸದ್ದಾದರೂ ಬಂದವರು ಯಾರೆಂದು ಕಾಣಲಿಲ್ಲ. ಎದುರಂಗಡಿಯ ಖಲೀಲ್ ಭಾಯಿ ಜಗುಲಿಯವರೆಗೂ ಬಂದು ನಿಂತರು. ಆ ಬೀದಿಗೆಲ್ಲ ಫೋನಿದ್ದದ್ದು ಅವರ ಅಂಗಡಿಯಲ್ಲಿ ಮಾತ್ರ.

"ಮೇಷ್ಟ್ರುನ ಎಬ್ಬಿಸಿ ಅಮ್ಮ. ಧಾರವಾಡದಿಂದ ಫೋನು. ಅವರ ತಂದೆ ಹೋಗ್ಬಿಟ್ರಂತೆ."

ಗುರುರಾಜರು ಉಟ್ಟ ಬಟ್ಟೆಯಲ್ಲೇ ಹೊರಟರು. ಅಪ್ಪ ತಾರಸಿಯಿಂದ ಇಳಿದು ಬಂದು ಹಜಾರದ ಕಂಬ ಹಿಡಿದು ನಿಂತರು. ಯಾರನ್ನೂ ನೋಡದೆ, ತಮಗೇ ಹೇಳಿಕೊಳ್ಳುವಂತೆ ಅಂದರು:

"ಸೂರ್ಯ ಮೂಲಾದಲ್ಲಿದಾನೆ."

ಅಷ್ಟೇ. ಅದಕ್ಕಿಂತ ಹೆಚ್ಚು ಒಂದು ಮಾತೂ ಅವರು ಆಡಲಿಲ್ಲ, ಆಮೇಲೂ ಆಡಲಿಲ್ಲ. ಆದರೆ ಪದ್ಮತ್ತೆ ಅಡುಗೆಮನೆಯ ಬಾಗಿಲಲ್ಲಿ ಹುಗ್ಗಿಯ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಮುಖದಿಂದ ಏನೋ ಇಳಿದುಹೋದದ್ದನ್ನು ನಾನು ನೋಡಿದೆ. ಅವಳು ಅಳಲಿಲ್ಲ. ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು, ನಾನು ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿದಳು.

ಕರ್ಮಾಂತರ ಮುಗಿಸಿಕೊಂಡು ಗುರುರಾಜರು ಬೋಳು ತಲೆಯಲ್ಲಿ ಬಂದರು. ನೇರ ಹಿತ್ತಲಿಗೆ ಹೋಗಿ ಅಡುಗೆಮನೆಯ ಹಿಂಬಾಗಿಲ ಹೊರಗೆ ನಿಂತರು. ಅತ್ತೆ ಒಳಗೆ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಬಾವಿಕಟ್ಟೆಯ ಮೇಲಿದ್ದೆ.

"ನಮ್ಮಪ್ಪಗ ಹೃದಯದ ತ್ರಾಸ ಮೊದಲಿಂದ ಇತ್ತರೀ. ಡಾಕ್ಟರು ಕೈ ಚೆಲ್ಲಿ ಕೂತಿದ್ರು. ಇದರಾಗ ನಿಮ್ದೇನದ? ಒಂದು ಮಾತು ಹೊರಗ ಬರ್ರಿ."

"ನಿಮ್ಮ ತಾಯಿ ಇನ್ನೂ ಇದಾರಲ್ಲ," ಅತ್ತೆ ತಿರುಗದೆ ಹೇಳಿದಳು. "ಅವರನ್ನ ನೋಡ್ಕೊಳ್ಳಿ. ಹೋಗಿ."

"ಪದ್ಮಾವತಿ..."

"ಹೋಗಿ ಅಂದೆ."

ಅವರು ಟ್ರಂಕು ಸ್ಟೌವು ತೆಗೆದುಕೊಂಡು ಹೋದರು. ಬೇರೆಲ್ಲೋ ಕೆಲಸ ಹುಡುಕಿಕೊಂಡರೆಂದು ಆಮೇಲೆ ಕೇಳಿದೆವು. ಆ ಕೋಣೆಯನ್ನು ಅಪ್ಪ ಮತ್ತೆ ಬಾಡಿಗೆಗೆ ಕೊಡಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಅಪ್ಪನಿಗಿಂತ ಗಟ್ಟಿಯಾಗಿ ನಕ್ಷತ್ರ ನಂಬಿದವಳು ಪದ್ಮತ್ತೆ. ಯಾರದಾದರೂ ಮದುವೆಯ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಕೂಸು ಕಂಕುಳಲ್ಲಿಟ್ಟುಕೊಂಡು ಯಾರಾದರೂ ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದಳು. ನನಗೆ ಜ್ವರ ಬಂದ ದಿನ ತನ್ನ ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಹೋದವಳು ಮತ್ತೆ ನನ್ನ ಪಕ್ಕಕ್ಕೆ ಬರಲಿಲ್ಲ. ಜ್ವರ ಬಿಟ್ಟ ಮೇಲೆ ನಾನೇ ಹೋಗಿ ಕರೆದೆ, ಅತ್ತೆ, ಬಾ ಎಂದು. "ನಿಂಗೆ ಗೊತ್ತಾಗಲ್ಲ ಪುಟ್ಟಿ, ಹೋಗಿ ಮಲಕ್ಕೋ," ಎಂದಳು. ಅಪ್ಪ ಊಟಕ್ಕೆ ಕೂತು ಹೊಸ ನಕ್ಷತ್ರದ ಹೆಸರು ಹೇಳಿದರೆ ಈಗ ಯಾರೂ ಏನೂ ಅನ್ನುತ್ತಿರಲಿಲ್ಲ. ಹೇಳಿ ಅವರು ತಂಗಿಯ ಕಡೆ ನೋಡುತ್ತಿದ್ದರು. ಅವಳೇನಾದರೂ ಅನ್ನಲಿ ಎಂದು ಕಾಯುತ್ತಿದ್ದರೇನೋ. ಅವಳು ತಲೆಯಾಡಿಸಿ ಸಾರು ಬಡಿಸುತ್ತಿದ್ದಳು. ಅವರ ಮಾತನ್ನು ಅವಳು ಒಪ್ಪಿಕೊಂಡ ರೀತಿಯೇ ಅವರಿಗೆ ತಡೆಯಲಾಗದ್ದಾಯಿತು ಎಂದು ನನಗೆ ಈಗ ಅನ್ನಿಸುತ್ತದೆ.

ನಾನು ಕಾಲೇಜು ಸೇರುವ ಹೊತ್ತಿಗೆ ರಾಜಾನುಕುಂಟೆಯ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದಿದ್ದವು. ಕುಂಟೆಗೆ ಲಾರಿಗಟ್ಟಲೆ ಮಣ್ಣು ಸುರಿದು ಮಟ್ಟ ಮಾಡಿದರು, ಗೀಜಗಗಳು ಎಲ್ಲಿ ಹೋದವೋ ತಿಳಿಯದು. ರಸ್ತೆ ಅಗಲ ಮಾಡಲು ಎರಡೂ ಬದಿಯ ಹೊಂಗೆ ಸಾಲು ಉರುಳಿಸಿದರು. ಆರಿದ್ರೆಯಲ್ಲಿ ಕೆಂಧೂಳು ಏಳುತ್ತಿತ್ತು, ಧನುರ್ಮಾಸದಲ್ಲಿ ಹುಚ್ಚುಮಳೆ ಹೊಡೆದು ರಾಗಿ ಮೆದೆಗಳು ಮೊಳಕೆಯೊಡೆಯುತ್ತಿದ್ದವು. ಅಪ್ಪ ಮಾತ್ರ ದಿನವೂ ಹಿತ್ತಲಿಗೆ ಹೋಗಿ ಬೇವನ್ನು ನೋಡಿ ಬರುತ್ತಿದ್ದರು. ಆ ವರ್ಷ ಅದು ಶಿವರಾತ್ರಿಗೂ ಮೊದಲೇ ಹೂ ಬಿಟ್ಟು, ಯುಗಾದಿಯ ಹೊತ್ತಿಗೆ ಎಲ್ಲ ಉದುರಿಸಿ ನಿಂತಿತ್ತು. ಬೇವು ಬೆಲ್ಲಕ್ಕೆ ಹೂವು ಸಿಗದೆ ಅಮ್ಮ ಎಲೆಯನ್ನೇ ಹೆಚ್ಚಿ ಹಾಕಿದಳು. ಯುಗಾದಿಯ ಸಂಜೆ ಜಗುಲಿಯಲ್ಲಿ ಪಂಚಾಂಗ ಶ್ರವಣ. ಮೊದಲು ಬೀದಿಯವರೆಗೂ ಜನ ಕೂರುತ್ತಿದ್ದರು, ಆ ಸಲ ಬಂದದ್ದು ನಾಲ್ಕಾರು ಮುದುಕರು. ಮುನಿಯಪ್ಪನಿಗೆ ಅಷ್ಟು ಹೊತ್ತಿಗೆ ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಅಪ್ಪ ಮಳೆಯ ಫಲ ಓದಲು ಶುರುಮಾಡಿ, ಅವನ ಕಡೆ ನೋಡಿದರು.

"ಏನ್ ಮುನಿಯಪ್ಪ, ಈ ವರ್ಷ ಆರಿದ್ರೆ ಕೇಳಲ್ವಾ?"

"ನೆಲನೇ ಇಲ್ವಲ್ಲ ಸ್ವಾಮಿ, ಏನ್ ಕೇಳನ. ಮಳೆ ಬಂದ್ರೆ ತಾರಸಿ ಸೋರ್ತದೆ, ಅಷ್ಟೇ."

ಅವನು ಕುಚೋದ್ಯಕ್ಕೆ ಹೇಳಲಿಲ್ಲ. ಅಪ್ಪ ಇನ್ನೆರಡು ಸಾಲು ಓದಿ ಪಂಚಾಂಗ ಮುಚ್ಚಿದರು. ಎಲ್ಲರಿಗೂ ಪಾನಕ ಕೊಟ್ಟು ಕಳಿಸಿ, ಅಡುಗೆಮನೆಗೆ ಬಂದು, ಮಣೆ ಹಾಕಿಕೊಂಡು ಪದ್ಮತ್ತೆಯ ಎದುರು ಕೂತರು. ಅವಳು ಅವರೆಕಾಳು ಆರಿಸುತ್ತಿದ್ದಳು. ಅಮ್ಮ, ನಾನು ಅಲ್ಲೇ ಇದ್ದೆವು.

"ಪದ್ಮಾ, ಬೇವು ಈ ವರ್ಷ ಅಶ್ವಿನಿಗೆ ಕಾಯ್ಲಿಲ್ಲ. ಹೋದ ವರ್ಷಾನೂ ಕಾಯ್ಲಿಲ್ಲ."

"ನೋಡ್ದೆ."

"ಮರಾನೇ ಮಾತು ಕೇಳ್ತಿಲ್ಲ ಅಂದ್ಮೇಲೆ... ನಾನು ಹೇಳಿದ್ದೆಲ್ಲ ಸರೀನೋ ಇಲ್ವೋ ಅಂತ ಅನ್ಸತ್ತೆ. ನಿನ್ನ ವಿಷ್ಯಾನೂ." ಅವರು ಮೊರದಿಂದ ಒಂದು ಕಾಳು ಎತ್ತಿ ಮತ್ತೆ ಅಲ್ಲೇ ಇಟ್ಟರು. "ಅಪ್ಪಂಗೆ ಜ್ವರ ಬಂದಿತ್ತು ಪದ್ಮಾ. ಆಗ ಊರಲ್ಲಿ ಎಷ್ಟೋ ಮನೇಲಿ ಬಂದಿತ್ತು. ಬರೀ ಜ್ವರ ಅದು."

ಅತ್ತೆಯ ಕೈ ಮೊರದ ಮೇಲೆ ನಿಂತಿತು. ಅವಳು ಅಣ್ಣನ ಮುಖವನ್ನು ನೇರವಾಗಿ ನೋಡಿ ಎಷ್ಟು ವರ್ಷಗಳಾಗಿದ್ದವೋ. ಅವಳಿಗೆ ಬಿಡುಗಡೆ ಆಗುತ್ತದೆಂದು ನಾನು ಕಾದೆ. ಅಮ್ಮನೂ ಕಾದಳು.

"ಈಗ ಹೇಳ್ಬೇಡ ಅಣ್ಣ," ಎಂದಳು. ದನಿ ಏರಲಿಲ್ಲ. "ನಕ್ಷತ್ರ ಇದೆ ಅಂತ ಇಷ್ಟು ವರ್ಷ ತಡ್ಕೊಂಡೆ. ಅದೂ ಇಲ್ಲ ಅಂದ್ರೆ, ಅವತ್ತು ಬಾಗಿಲಿಗೆ ಬಂದೋರನ್ನ ನಾನು ಯಾಕೆ ಕಳಿಸ್ದೆ? ಆ ಪ್ರಶ್ನೆ ಇಟ್ಕೊಂಡು ನಾನು ಬದುಕೋಕಾಗಲ್ಲ. ನೀನು ಬೇಕಾದ್ರೆ ಬಿಟ್ಬಿಡು. ನಂಗೆ ಇರ್ಲಿ."

ಮತ್ತೆ ಕಾಳು ಆರಿಸತೊಡಗಿದಳು. ಅಪ್ಪ ಮಣೆಯ ಮೇಲೇ ಕೂತಿದ್ದರು. ಬಹಳ ಹೊತ್ತಿನ ಮೇಲೆ ಅಮ್ಮ ಹೋಗಿ ಅವರ ತೋಳು ಹಿಡಿದು ಎಬ್ಬಿಸಿದಳು. ಅವರು ಜಗುಲಿಯಲ್ಲಿ ಜಾತಕ ನೋಡುವುದನ್ನು ಬಿಟ್ಟರು. ಬಂದವರಿಗೆ, ಕಣ್ಣು ಕಾಣಿಸಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅವರ ಕಣ್ಣು ಚೆನ್ನಾಗಿಯೇ ಇತ್ತು.

ಅದಾದ ಮೇಲೆ ಅಪ್ಪ ಬಹಳ ವರ್ಷ ಇರಲಿಲ್ಲ. ಕೃತ್ತಿಕೆಯ ಬಿಸಿಲಿನಲ್ಲಿ ಒಂದು ದಿನ ಬಾವಿಕಟ್ಟೆಯ ಬಳಿ ಕುಸಿದರು. ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಪದ್ಮತ್ತೆ ನಮ್ಮ ಜೊತೆ ಬಂದಳು, ಆದರೆ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತವಳು ಒಳಗೆ ಕಾಲಿಡಲಿಲ್ಲ. ಅಮ್ಮ ಬೇಡಿಕೊಂಡಳು, ನಾನು ಕೈ ಹಿಡಿದು ಎಳೆದೆ. "ನಾನು ಇಲ್ಲೇ ಇದೀನಿ ಅಂತ ಹೇಳು," ಎಂದಳು. ನಾನು ಹೋಗಿ ಹೇಳಿದೆ. ಅಪ್ಪನಿಗೆ ಮಾತು ತೊದಲುತ್ತಿತ್ತು. "ಬಾಗಿಲು ತೆಗೆದಿಡು," ಎಂದರು. ಆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ. ಒಂದು ಕಡೆ ಮಂಚದ ಮೇಲೆ ಅವರು, ಇನ್ನೊಂದು ಕಡೆ ಬೆಂಚಿನ ಮೇಲೆ ಅವಳು. ನರ್ಸು ಬಂದು ಮುಚ್ಚಬೇಕು ಎನ್ನುವ ತನಕ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಮರುದಿನ ಮಧ್ಯಾಹ್ನ ಅಪ್ಪ ಹೋದರು. ನಾನು ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತೆ. ಈ ಸಲ ಅವಳು ಸರಿದು ಕೂರಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ಅಂದಳು:

"ನಾನು ಒಳಗೆ ಹೋಗಲೇ ಇಲ್ಲ ಕಣೇ. ಆದ್ರೂ ಹೋದ."

ಒಳಗೆ ಹೋಗದಿದ್ದರೂ ತನ್ನ ದೋಷ ಅಣ್ಣನನ್ನು ಮುಟ್ಟಿತು ಎಂದಳೋ, ಸಾವಿಗೆ ತಾನು ಬೇಕಾಗಿಯೇ ಇಲ್ಲ ಎಂದು ಮೊದಲ ಬಾರಿ ಅವಳಿಗೆ ಹೊಳೆಯಿತೋ, ನನಗೆ ತಿಳಿಯಲಿಲ್ಲ. ಆಮೇಲೆ ಅವಳು ನಾನು ವಿದ್ಯಾರಣ್ಯಪುರದಲ್ಲಿ ಮಾಡಿಕೊಂಡ ಮನೆಯಲ್ಲಿ ನನ್ನ ಜೊತೆಯಲ್ಲೇ ಇದ್ದಳು, ಕೊನೆಯವರೆಗೂ ಇದ್ದಳು. ಕೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಎರಡರಲ್ಲಿ ಯಾವ ಉತ್ತರ ಬಂದಿದ್ದರೂ ಅವಳಿಗೆ ಅದರಿಂದ ಸುಖವಿರಲಿಲ್ಲ. ನಾನು ಕೇಳಲಿಲ್ಲ.